ಅಣ್ಣನ ಕೊನೆಗೊಂದು ಪೂರ್ವದ ಕಿಟಕಿ

೧

ಎಲ್ಲಿಂದ ಶುರು ಮಾಡಲಿ?

ಬಾಗಿಲು ತಟ್ಟಿದ ಸದ್ದಿನಿಂದ ಮಾಡಬಹುದು. ಆದರೆ ಹಾಗೆ ಶುರುವಾಗುವ ಕಥೆಗಳನ್ನು ನಲವತ್ತೊಂದು ವರ್ಷ ತಿದ್ದಿದವನು ನಾನು. ತಟ್ಟಿದವರು ಯಾರೇ ಆಗಿರಲಿ, ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಅವರ ಮುಖ ನೋಡಲು ಬೇಸರವಾಗಿರುತ್ತಿತ್ತು. ಏನು ಮಾಡಲಿ, ಆ ದಿನ ಬಾಗಿಲು ತಟ್ಟಿದ್ದು ನಿಜ. ನಡೆದದ್ದೇ ಹಳಸಲಾಗಿದ್ದರೆ ಬರೆಯುವವನ ತಪ್ಪೇನು? (ಇದಕ್ಕೆ ಉತ್ತರ ಗೊತ್ತಿರುವವರು ಮುಂದಿನ ಪ್ಯಾರಾ ಬಿಟ್ಟು ಓದಬಹುದು. ನನಗೆ ಬಿಡಲು ಆಗಲಿಲ್ಲ.)

ಬೆಳಿಗ್ಗೆ ಹತ್ತೂವರೆ ಗಂಟೆ. ಊಟದ ಮೇಜಿನ ಮೇಲೆ ರಸ್ತೆಗಳ ನಕ್ಷೆ ಹರಡಿತ್ತು. ಅದು ಸುತ್ತಿಕೊಳ್ಳದಂತೆ ನಾಲ್ಕು ಮೂಲೆಗೆ ಉಪ್ಪಿನ ಡಬ್ಬಿ, ಟಾರ್ಚು, ಕನ್ನಡಕದ ಪೆಟ್ಟಿಗೆ, ಶಬ್ದಕೋಶ. ದಾರಿ ನೋಡಿ ಗುರುತು ಹಾಕಿಡು ಎಂದು ತಮ್ಮ ಹೇಳಿ ಹೋಗಿದ್ದ. ಕರಡಪ್ಪ ದಾರಿ ನೋಡುತ್ತಿರಲಿಲ್ಲ. ನಕ್ಷೆಯಲ್ಲಿ ಕಾಗುಣಿತದ ತಪ್ಪು ಹುಡುಕುತ್ತಿದ್ದ. ಎರಡು ಸಿಕ್ಕಿದ್ದವು. ಮೂರನೆಯದರ ಮೇಲೆ ಕೆಂಪು ಪೆನ್ನು ಇಡುವಾಗ ಬಾಗಿಲ ಸದ್ದಾಯಿತು.

ನಿಂತಿದ್ದವಳು ಪಕ್ಕದ ಬೀದಿಯ ಬೇಕರಿಯವಳು. ತಮ್ಮನ ಹತ್ತಿರ ಡ್ರೈವಿಂಗ್ ಕಲಿಯುತ್ತಿದ್ದಳು. ಅವತ್ತಿನದು ಒಂಬತ್ತನೆಯ ಪಾಠ. ಅಂಗೈ ಮುಂದೆ ಚಾಚಿದ್ದಳು. ಅದರ ಮೇಲೆ ಕಾರಿನ ಕೀಲಿಕೈ.

"ಸರ್ ಬ್ರೇಕ್ ಒತ್ತಿದ್ರು," ಎಂದಳು. "ಗಾಡಿ ರಸ್ತೆ ಪಕ್ಕ ನಿಂತ್ಕೊಳ್ತು. ನಾನೇ ಏನೋ ತಪ್ಪು ಮಾಡಿದೆ ಅಂದ್ಕೊಂಡೆ. ಈಗ ಬೈತಾರೆ, ಈಗ ಬೈತಾರೆ ಅಂತ ಕಾಯ್ತಾ ಕೂತಿದ್ದೆ. ಎರಡೂ ಕೈ ಸ್ಟೇರಿಂಗ್ ಮೇಲೇ ಇಟ್ಕೊಂಡು. ಅವರೇ ಹೇಳ್ಕೊಟ್ಟಿದ್ರು, ನನ್ನ ಮುಖ ನೋಡ್ಬೇಡಮ್ಮ, ರಸ್ತೆ ನೋಡು ಅಂತ. ಅದಕ್ಕೇ ನೋಡ್ಲಿಲ್ಲ."

ಅವಳು ಕೀಲಿಕೈಯನ್ನು ಇನ್ನಷ್ಟು ಮುಂದೆ ಚಾಚಿದಳು.

"ಆಸ್ಪತ್ರೆಯಿಂದಾನೇ ಬರ್ತಿದೀನಿ. ಅಲ್ಲಿಗೆ ಹೋಗೋ ಮೊದಲೇ ಎಲ್ಲಾ ಮುಗಿದಿತ್ತಂತೆ. ಈ ಕೀ ಯಾರ ಕೈಗೆ ಕೊಡ್ಬೇಕೋ ಗೊತ್ತಾಗ್ಲಿಲ್ಲ."

ಕರಡಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಹೊತ್ತು ಕಾದ್ರಿ?"

"ಎರಡು ನಿಮಿಷ. ಮೂರೂ ಇರಬಹುದು."

ಅದನ್ನು ಯಾಕೆ ಕೇಳಿದೆನೋ (ಕೇಳಿದನೋ ಎಂದು ಓದಿಕೊಳ್ಳಿ) ಇವತ್ತಿಗೂ ತಿಳಿದಿಲ್ಲ. ಎರಡಾದರೇನು, ಮೂರಾದರೇನು. ಆದರೆ ಬೈಗುಳಕ್ಕಾಗಿ ಕಾಯುತ್ತ ಕೂತ ಆ ಹೆಂಗಸಿನ ಪಕ್ಕದಲ್ಲಿ ತಮ್ಮ ಆ ನಿಮಿಷಗಳಲ್ಲಿ ಒಬ್ಬನೇ ಹೊರಟುಹೋಗಿದ್ದ, ಗಾಡಿಯನ್ನು ಮಾತ್ರ ಜೋಪಾನವಾಗಿ ನಿಲ್ಲಿಸಿ.

೨

"ಸಿಕ್ಕಿಬಿದ್ರಿ ದೊಡ್ಡಪ್ಪ."

ತಮ್ಮನ ಮಗಳು. ನನ್ನ ಭುಜದ ಮೇಲಿಂದ ಬಗ್ಗಿ ಓದುತ್ತಿದ್ದಾಳೆ.

"'ಕೇಳಿದೆನೋ' ಅಂತ ಬರೆದಿದೀರಿ. ಈ ಕರಡಪ್ಪ ಅಂದ್ರೆ ನೀವೇ ತಾನೇ? ಮತ್ತೆ 'ಅವನು' ಅಂತ ಯಾಕೆ?"

"'ನಾನು' ಅಂತ ಬರೆದ್ರೆ ಕೈ ನಡುಗುತ್ತೆ ಮಗಳೇ. 'ಅವನು' ಅಂದ್ರೆ ಅವನ ಕೈ ನಡುಗಲಿ, ನಾನು ಬರೀತೀನಿ."

"ಓದೋರಿಗೆ ಮೋಸ ಅಲ್ವಾ?"

"ಈಗ ಹೇಳಿಬಿಟ್ಟೆನಲ್ಲ."

ಹಾಗಾಗಿ ಓದುಗರೇ, ಪರಿಚಯ ಮಾಡಿಕೊಟ್ಟುಬಿಡುತ್ತೇನೆ. ಮುಂದೆ ಯಾರು ಯಾರೆಂದು ತಡಕಾಡುವುದು ಬೇಡ.

ಕರಡಪ್ಪ: ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವನು. ಹೆಸರು ಅಲ್ಲಿನ ಅಚ್ಚುಮೊಳೆ ಜೋಡಿಸುವವರು ಇಟ್ಟದ್ದು. ವಯಸ್ಸು ಎಪ್ಪತ್ತೊಂದು. ಮದುವೆಯಾಗಲಿಲ್ಲ. ಬೆಳಿಗ್ಗೆ ಎದ್ದು ಒಂದು ಗಂಟೆ ದೇವರ ಮುಂದೆ ಕೂರುತ್ತಾನೆ, ಉಳಿದ ಹೊತ್ತು ಅಕ್ಷರಗಳ ಮುಂದೆ. ಇಪ್ಪತ್ತೊಂಬತ್ತು ವರ್ಷದಿಂದ ತಮ್ಮನ ಮನೆಯಲ್ಲೇ ಊಟ, ನಿದ್ದೆ, ಕೆಮ್ಮು.

ತಮ್ಮ: ಡ್ರೈವಿಂಗ್ ಶಾಲೆಯ ಮಾಸ್ತರ. ಶಾಲೆ ಎಂದರೆ ಒಂದು ಕಾರು. ಕಲಿಯುವವರು ಸ್ಟೇರಿಂಗ್ ಹಿಡಿದರೆ, ಪಕ್ಕದ ಸೀಟಿನಲ್ಲಿ ಕೂತ ಮಾಸ್ತರನ ಕಾಲ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು. ಊರಿನ ಅರ್ಧ ಜನಕ್ಕೆ ಅವನು ಗಾಡಿ ಕಲಿಸಿದ್ದ. ಅಣ್ಣನಿಗೆ ಮಾತ್ರ ಕಾರಿನಲ್ಲಿ ಕೂರಲೂ ಕಲಿಸಲು ಆಗಲಿಲ್ಲ; ಕರಡಪ್ಪನಿಗೆ ಕಾರೆಂದರೆ ಜೀವಭಯ.

ತಮ್ಮನ ಹೆಂಡತಿ: ಔಷಧಿ ಅಂಗಡಿಯಲ್ಲಿ ಕೆಲಸ. ಎಂಥ ಡಾಕ್ಟರ ಎಂಥ ಅಕ್ಷರವನ್ನಾದರೂ ಓದಿ ಸರಿಯಾದ ಮಾತ್ರೆ ಕೊಡುತ್ತಾಳೆ. ನಾಲಿಗೆಯೂ ಔಷಧಿಯಂತೆಯೇ, ಕಹಿ, ಆದರೆ ಗುಣ ಕಾಣುತ್ತದೆ.

ಮಗಳು: ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾಳೆ. ಹುಟ್ಟಿದಾಗ ಅತ್ತ ಜೋರಿಗೆ ಅಪ್ಪ ಇಟ್ಟ ಅಡ್ಡಹೆಸರು ಹಾರನ್.

"ನಾನು ಅಷ್ಟು ಜೋರಾಗಿ ಮಾತಾಡಲ್ಲ," ಎನ್ನುತ್ತಾಳೆ ಹಾರನ್. ಕೆಳಗಿನ ಮನೆಯವರಿಗೂ ಕೇಳಿಸಿತು.

೩

ಇದು ನಿಜವಾಗಿ ಒಂದು ಪ್ರಯಾಣದ ಕಥೆ ಆಗಬೇಕಿತ್ತು.

ಅವರು ಬಾಡಿಗೆಗಿರುವ ಕಟ್ಟಡವನ್ನು ಒಡೆಯುತ್ತಾರೆ. ರಸ್ತೆ ಅಗಲ ಮಾಡುತ್ತಾರಂತೆ. ಮೂರು ತಿಂಗಳಲ್ಲಿ ಬಿಡಿ ಎಂದು ಮಾಲೀಕರು ಕಾಗದ ಕೊಟ್ಟಿದ್ದರು. ತಮ್ಮನ ಹೆಂಡತಿಯ ಔಷಧಿ ಅಂಗಡಿಯವರದೇ ಇನ್ನೊಂದು ಅಂಗಡಿ ಏಳು ತಾಸು ದೂರದ ಸಣ್ಣ ಊರಿನಲ್ಲಿತ್ತು. ಅಲ್ಲಿಗೆ ಹೋಗಿ ನೋಡಿಕೊಳ್ಳುತ್ತೀರಾ ಎಂದು ಕೇಳಿದರು. ತಮ್ಮ ಫೋನಿನಲ್ಲಿ ಆ ಊರಿನ ಮೂರು ಮನೆಗಳನ್ನು ವಿಚಾರಿಸಿದ. ಭಾನುವಾರ ಎಲ್ಲರೂ ಹೋಗಿ ನೋಡಿಕೊಂಡು ಬರೋಣ ಎಂದ.

ಆ 'ಎಲ್ಲರೂ' ಎಂಬ ಮಾತಿನ ಮೇಲೆ ಈ ಕಥೆ ನಿಂತಿದೆ.

ತಮ್ಮ ತೀರಿಕೊಳ್ಳುವುದಕ್ಕೆ ಮೂರು ದಿನ ಮುಂಚೆ, ಸಂಜೆ. ಅವನು ಮೆಟ್ಟಿಲ ಮೇಲೆ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದ.

"ಅಣ್ಣಾ, ಭಾನುವಾರ ನೀನು ನನ್ನ ಪಕ್ಕ ಕೂತ್ಕೋ. ಒಂದು ಬ್ರೇಕು ನಿನ್ನ ಕಾಲಡೀನೂ ಇರುತ್ತೆ. ಹೆದರಿಕೆ ಆದ್ರೆ ಒತ್ತು. ನಾನು ಬೈಯಲ್ಲ."

"ನಾನ್ಯಾಕೆ? ಮನೆ ಬೇಕಾಗಿರೋದು ನಿಮಗೆ."

"ನಮಗೆ ಅಂದ್ರೆ?"

"ನಿಮಗೆ ಮೂವರಿಗೆ. ನಾನು ಇಲ್ಲೇ ಎಲ್ಲಾದ್ರೂ ಒಂದು ರೂಮು ನೋಡ್ಕೋತೀನಿ. ಮುದುಕನಿಗೆ ಒರಗೋಕೆ ಯಾವ ಗೋಡೆ ಆದ್ರೇನು?"

ಬ್ರಷ್ಷು ನಿಂತಿತು.

"ಆಯ್ತು ಬಿಡು," ಎಂದ ತಮ್ಮ. ಬ್ರಷ್ಷು ಮತ್ತೆ ಓಡಿತು.

ಆಮೇಲೆ ಆ ವಿಷಯ ಅವರ ನಡುವೆ ಬರಲಿಲ್ಲ. 'ದಾರಿ ನೋಡಿ ಗುರುತು ಹಾಕಿಡು' ಎಂದದ್ದು ಬಿಟ್ಟರೆ.

ನಿಮಗೆ ನಿಜ ಹೇಳುತ್ತೇನೆ. ಕರಡಪ್ಪನಿಗೆ ಹೋಗುವ ಆಸೆ ಇತ್ತು. ಬೇಡ ಎಂದದ್ದು ಇನ್ನೊಮ್ಮೆ ಕರೆಯಲಿ ಎಂದು. ಕರೆಸಿಕೊಳ್ಳುವ ಚಪಲ. ಎಪ್ಪತ್ತು ದಾಟಿದರೂ ಹೋಗದ ಚಪಲ ಇದೊಂದೇ ಎಂದು ನನಗೆ ಈಗ ಅನಿಸುತ್ತದೆ. ಇಪ್ಪತ್ತೊಂಬತ್ತು ವರ್ಷ ಒಂದೇ ಪಾತ್ರೆಯ ಅನ್ನ ಉಂಡವನು 'ನಿಮಗೆ ಮೂವರಿಗೆ' ಎಂದು ಬಾಯಿಬಿಟ್ಟು ಹೇಳಿದ. ತಮ್ಮ ಇನ್ನೊಮ್ಮೆ ಕರೆಯಲಿಲ್ಲ. ಕರೆಯಲು ಉಳಿಯಲೂ ಇಲ್ಲ.

೩ (ಮತ್ತೆ)

ಇದನ್ನು ತಿದ್ದಿ ಬರೆಯೋಣ.

"ಅಣ್ಣಾ, ನೀನು ನನ್ನ ಪಕ್ಕ ಕೂತ್ಕೋ."

"ಆಗಲಿ ಕಣೋ. ಆದ್ರೆ ನಲವತ್ತರ ಮೇಲೆ ಹೋಗ್ಬೇಡ."

"ನಲವತ್ತಕ್ಕೆ ಹೋದ್ರೆ ಮನೆ ನೋಡೋಕಲ್ಲ, ಅದರ ಗೃಹಪ್ರವೇಶ ಆಗಿ ಮೊಮ್ಮಕ್ಕಳು ಓಡಾಡ್ತಿರೋ ಹೊತ್ತಿಗೆ ತಲುಪ್ತೀವಿ."

ಇಬ್ಬರೂ ನಗುತ್ತಾರೆ. ಬೂಟು ಮಿರುಗುತ್ತದೆ. ಚೆನ್ನಾಗಿ ಬಂದಿದೆ. ಆದರೆ ಇದಾದ ಮೂರನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಬೇಕರಿಯವಳು ಬಂದೇ ಬರುತ್ತಾಳೆ, ಅಂಗೈ ಚಾಚಿಕೊಂಡು. ಮಾತನ್ನು ತಿದ್ದಬಹುದು, ಬೆಳಗನ್ನು ತಿದ್ದಲು ಬರುವುದಿಲ್ಲ. ಈ ಭಾಗ ಹೊಡೆದುಹಾಕಿದ್ದೇನೆ, ಓದಿಲ್ಲವೆಂದು ತಿಳಿಯಿರಿ.

೪

ಮೂರು ವಾರ ಕಳೆಯಿತು. ಸಾವಿನ ಮನೆಗೆ ಬರುವವರು ಬಂದು ಹೋದರು. ಕಟ್ಟಡ ಒಡೆಯುವವರಿಗೆ ಸೂತಕವಿಲ್ಲ. ಎದುರಿನ ಕಟ್ಟಡದ ಕಿಟಕಿಗಳನ್ನು ಕಳಚಲು ಶುರುಮಾಡಿದ್ದರು. ನಕ್ಷೆ ಮತ್ತೆ ಮೇಜಿನ ಮೇಲೆ ಬಂತು.

"ಈ ಭಾನುವಾರ ಹೋಗಿ ಬಂದುಬಿಡೋಣ," ಎಂದಳು ತಮ್ಮನ ಹೆಂಡತಿ. "ಆ ಮೂರು ಮನೆಯವರೂ ಎಷ್ಟು ದಿನ ಅಂತ ಕಾಯ್ತಾರೆ? ಇವರ ಮುಖ ನೋಡಿ ಇಷ್ಟು ದಿನ ನಿಂತರು."

"ಅಪ್ಪನ ಮುಖ ಅವರು ನೋಡೇ ಇಲ್ಲವಲ್ಲಮ್ಮ. ಫೋನು."

"ದನಿ ಕೇಳಿದ್ರೆ ಮುಖ ಕಾಣುತ್ತೆ. ಸುಮ್ಮನಿರು."

"ಗಾಡಿ ನಾನು ಓಡಿಸ್ತೀನಿ," ಎಂದಳು ಹಾರನ್. ಲೈಸೆನ್ಸ್ ಬಂದು ನಾಲ್ಕು ತಿಂಗಳಾಗಿತ್ತು. "ಆದ್ರೆ ಅಮ್ಮ ಹಿಂದಿನ ಸೀಟು. ಪಕ್ಕ ಬೇಡವೇ ಬೇಡ. ನಾಯಿ ಕಂಡ್ರೆ ಬ್ರೇಕು, ನೆರಳು ಕಂಡ್ರೆ ಬ್ರೇಕು."

"ಹೋದ ಸಲ ಕಂಡಿದ್ದು ನೆರಳಲ್ಲ, ಮನುಷ್ಯ."

"ಪೋಸ್ಟರ್ ಅಮ್ಮ ಅದು."

ಕರಡಪ್ಪ ನಕ್ಷೆಯ ಒಂದು ಮೂಲೆ ಹಿಡಿದು ನಿಂತಿದ್ದ. ತಮ್ಮನ ಹೆಂಡತಿ ಅವನ ಕಡೆ ತಿರುಗಿದಳು.

"ಭಾವ, ನಿಮಗೆ ಆ ದಿನಕ್ಕೆ ಅಡುಗೆ ಮಾಡಿಟ್ಟು ಹೋಗ್ತೀನಿ. ಸಂಜೆಗೆ ಬಿಸಿ ಮಾಡಿಕೊಂಡ್ರಾಯ್ತು."

"ಆಗಲಿ," ಎಂದ ಕರಡಪ್ಪ.

ಒಂದು ದಿನದ ಅಡುಗೆಯ ಮಾತು ಅಷ್ಟೇ. ಆದರೆ ಅವನು ಅದರಲ್ಲಿ ತನ್ನ ಪಾಲಿನ ತೀರ್ಪನ್ನು ಓದಿಕೊಂಡ. ತಮ್ಮನಿದ್ದಾಗ ತಮ್ಮನ ಅಣ್ಣ. ತಮ್ಮನೇ ಇಲ್ಲದ ಮೇಲೆ ಆ ಮನೆಗೆ ಅವನು ಯಾರು? ಮೂರು ಮನೆಗಳಲ್ಲಿ ಯಾವುದನ್ನು ಒಪ್ಪಿದರೂ ಅದು ಇಬ್ಬರ ಮನೆ. ಹೊಸ ಮನೆಯಲ್ಲಿ ತನಗೊಂದು ಜಾಗ ಇದೆಯೇ ಎಂದು ಬಾಯಿಬಿಟ್ಟು ಕೇಳಲು ಅವನಿಂದ ಆಗಲಿಲ್ಲ. ತಾನೇ ಬೇಡ ಎಂದವನು ಯಾವ ಮುಖದಿಂದ ಕೇಳುವುದು?

(ಇಲ್ಲಿ ತಮ್ಮನ ಹೆಂಡತಿ ಅಡ್ಡಬಂದಳು. "ನನ್ನನ್ನ ಕೆಟ್ಟವಳು ಮಾಡ್ಬೇಡಿ ಭಾವ. ಬರಲ್ಲ ಅಂದದ್ದು ನೀವು. ಅವರು ನನಗೆ ಹೇಳಿದ್ರು. ಹೋದವರ ಮಾತು, ನಿಮ್ಮ ಮಾತು, ಎರಡಕ್ಕೂ ಬೆಲೆ ಕೊಟ್ಟು ಒತ್ತಾಯ ಮಾಡ್ಲಿಲ್ಲ. ಅದನ್ನ ಬರೀರಿ." ಬರೆದಿದ್ದೇನೆ. "ಅಡುಗೇನ ನೀವು ಬಿಸಿ ಮಾಡ್ಕೊಳ್ಳಲ್ಲ, ತಣ್ಣಗೇ ತಿಂತೀರಿ ಅನ್ನೋದನ್ನೂ ಬರೀರಿ." ಅದನ್ನೂ ಬರೆದಿದ್ದೇನೆ.)

(೫ ಇಲ್ಲ. ಅದರಲ್ಲಿ ಕರಡಪ್ಪ ಮೂರು ಪುಟ ಅಳುತ್ತಿದ್ದ. ಹರಿದು ಹಾಕಿದೆ.)

೬

ಮಾರನೆಯ ಬೆಳಿಗ್ಗೆ ಹಾರನ್ ಕಾರು ತೊಳೆಯಲು ಹೋದವಳು ಒಂದು ಪುಸ್ತಕ ತಂದಳು. ಗಾಡಿಯ ಮುಂದಿನ ಖಾನೆಯಲ್ಲಿತ್ತಂತೆ. ಕಲಿಯುವವರ ಪಾಠ ಬರೆದಿಡುವ ಉದ್ದನೆಯ ಪುಸ್ತಕ: ಯಾರು, ಎಷ್ಟನೆಯ ದಿನ, ಏನು ತಪ್ಪು ಮಾಡಿದರು. ಹಿಂದಿನ ಹಾಳೆಗಳಲ್ಲಿ ಪ್ರಯಾಣದ ದಾರಿ ಇತ್ತು.

"ಅಪ್ಪನ ಅಕ್ಷರ ದೊಡ್ಡಪ್ಪ. ನೀವೇ ಓದಿ. ನನ್ನಿಂದಾಗಲ್ಲ," ಎಂದು ಮೇಜಿನ ಮೇಲಿಟ್ಟು ಕೆಲಸಕ್ಕೆ ಹೋದಳು. ಆಗಲ್ಲ ಎಂದದ್ದು ಅಕ್ಷರ ಕೆಟ್ಟದಾಗಿದ್ದರಿಂದ ಅಲ್ಲ ಎಂದು ಅವನಿಗೆ ತಿಳಿಯಿತು.

ಕರಡಪ್ಪ ಕನ್ನಡಕ ಹಾಕಿಕೊಂಡ. ಅಭ್ಯಾಸಬಲದಿಂದ ಕೈಗೆ ಕೆಂಪು ಪೆನ್ನೂ ಬಂತು.

ತಮ್ಮ ದಾರಿಯನ್ನು ಮಾಸ್ತರನ ಹಾಗೆಯೇ ಬರೆದಿದ್ದ. 'ನೀರಿನ ಟ್ಯಾಂಕು ಆದಮೇಲೆ ಎಡಕ್ಕೆ. ಇಲ್ಲಿ ಲಾರಿಯವರು ಸಿಗ್ನಲ್ ಹಾಕಲ್ಲ, ಹುಶಾರು. ಸೇತುವೆ ಕಿರಿದು, ಎದುರಿನವರನ್ನು ಮೊದಲು ಬಿಡುವುದು. ಮರಮುಟ್ಟಿನ ಅಂಗಡಿ ಹತ್ತಿರ ನಿಲ್ಲುವುದು, ಅಣ್ಣನಿಗೆ ಕಾಲು ಜೋಮು ಹಿಡಿಯುತ್ತೆ.'

ಅಣ್ಣನಿಗೆ. ಕರಡಪ್ಪ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತ. ತಾನು ಬರುವುದಿಲ್ಲ ಎನ್ನುವ ಮೊದಲು ಬರೆದದ್ದಿರಬೇಕು.

ಹಾಳೆ ತಿರುಗಿಸಿದ. 'ಮನೆ ೧' ಎಂದಿತ್ತು. ನೀರು ಎರಡು ಹೊತ್ತು ಬರುತ್ತದೆ, ಕಾರು ನಿಲ್ಲಿಸಲು ಜಾಗ ಇದೆ, ಹೀಗೆ ನಾಲ್ಕಾರು ಸಾಲು. ಕೆಳಗೆ, ಅಡಿಗೆರೆ ಎಳೆದು:

'ಅಣ್ಣನ ಕೊನೆಗೆ ಪೂರ್ವದ ಕಿಟಕಿ ಇರಬೇಕು. ಹೋದಾಗ ನೋಡುವುದು.'

ಕರಡಪ್ಪ ಪುಸ್ತಕ ಮುಚ್ಚಿದ.

ಓದುಗರೇ, ಕೆಂಪು ಪೆನ್ನು ಅವನ ಕೈಯಲ್ಲೇ ಇತ್ತು. ನಲವತ್ತೊಂದು ವರ್ಷದಲ್ಲಿ ಅವನ ಕಣ್ಣು ತಪ್ಪಿಸಿ ಒಂದು ಒತ್ತಕ್ಷರ ಮುದ್ರಣಕ್ಕೆ ಹೋದದ್ದಿಲ್ಲ. ಆದರೆ ಆ ಬೆಳಿಗ್ಗೆ ಆ ಸಾಲಿನಲ್ಲಿ ಅವನಿಗೆ ಯಾವ ತಪ್ಪೂ ಕಾಣಲಿಲ್ಲ. ಅಣ್ಣನ ಕೊನೆ. ತಮ್ಮ ಅಣ್ಣನ ಕೊನೆಗಾಲಕ್ಕೆ ಕಿಟಕಿ ಹುಡುಕುತ್ತಿದ್ದ. ಹಾಗಿದ್ದರೆ ಅವನಿಗೆ ಏನೋ ಗೊತ್ತಿತ್ತು. ಹೋದ ತಿಂಗಳು ಕರಡಪ್ಪನ ರಕ್ತ ಪರೀಕ್ಷೆ ಮಾಡಿಸಿದ್ದರು. ವರದಿ ತಂದವನು ತಮ್ಮನೇ. 'ಎಲ್ಲಾ ಸರಿಯಾಗಿದೆ' ಎಂದಿದ್ದ, ಕಣ್ಣು ನೋಡದೆ. (ಕಣ್ಣು ನೋಡದೆ ಎಂಬುದನ್ನು ಕರಡಪ್ಪ ಆಮೇಲೆ ಸೇರಿಸಿಕೊಂಡ. ಹೆದರಿದ ಮನಸ್ಸು ಒಳ್ಳೆಯ ಕಥೆಗಾರ.)

ಎರಡು ದಿನ ಅವನು ಸಾವಿಗೆ ಸಿದ್ಧತೆ ಮಾಡಿಕೊಂಡ. ಬಟ್ಟೆಗಳನ್ನು ಬೇರೆ ಮಾಡಿದ: ಯಾರಿಗಾದರೂ ಕೊಡಬಹುದಾದದ್ದು, ಕೊಡಲಾಗದ್ದು. ಶಬ್ದಕೋಶದ ಒಳಗೆ ಹಾರನ್‌ಳ ಹೆಸರು ಬರೆದಿಟ್ಟ. ಪ್ರಾರ್ಥನೆಗೆ ಕೂತಾಗ ದೇವರಲ್ಲಿ ದೂರು ಹೇಳಿಕೊಳ್ಳಲಿಲ್ಲ. 'ಅವನು ನನ್ನ ಕೊನೆಯನ್ನು ನೆನೆದ, ನೀನು ಅವನದನ್ನು ಮೊದಲು ತಂದೆ. ನಿನ್ನ ಲೆಕ್ಕ ನಿನಗೆ' ಎಂದ. ಆಮೇಲೆ ಅದು ದೂರೇ ಎಂದು ಹೊಳೆದು ಕ್ಷಮೆ ಕೇಳಿದ.

೭

ಮೂರನೆಯ ದಿನ ಬೆಳಿಗ್ಗೆ ತಮ್ಮನ ಹೆಂಡತಿ ಅಂಗಡಿಗೆ ಹೊರಡುವಾಗ ಕೇಳಿದ:

"ನನ್ನ ಆರೋಗ್ಯದ ವಿಷಯ ಡಾಕ್ಟರು ಅವನಿಗೆ ಏನಾದ್ರೂ ಹೇಳಿದ್ರಾ?"

"ಯಾಕೆ ಭಾವ? ಏನಾಗ್ತಿದೆ?" ಚೀಲ ಕೆಳಗಿಟ್ಟಳು.

"ಏನಿಲ್ಲ. ಇದ್ದದ್ದನ್ನ ಹೇಳಿಬಿಡಮ್ಮ. ನನಗೇನು ಭಯ ಇಲ್ಲ."

"ರಿಪೋರ್ಟ್ ನಾನೇ ನೋಡಿದೀನಿ. ನಿಮ್ಮ ರಕ್ತ ನನ್ನದಕ್ಕಿಂತ ಚೆನ್ನಾಗಿದೆ. ಉಪ್ಪು ಕಡಿಮೆ ಮಾಡಿ ಅಂದಿದ್ರು, ನೀವು ಮಾಡ್ಲಿಲ್ಲ, ಅಷ್ಟೇ. ಯಾರೇನಂದ್ರು?"

ಕರಡಪ್ಪ ಪುಸ್ತಕ ತೆರೆದು ಆ ಸಾಲು ತೋರಿಸಿದ. ಅವಳು ನಿಂತೇ ಓದಿದಳು. ಒಮ್ಮೆ ಅವನ ಮುಖ ನೋಡಿದಳು, ಇನ್ನೊಮ್ಮೆ ಸಾಲು. ಕೈ ಬಾಯಿಗೆ ಹೋಯಿತು.

"ಭಾವ. ಅದು ಕೋಣೆ."

"ಏನು?"

"ಕೊನೆ ಅಲ್ಲ. ಕೋಣೆ. ಅಣ್ಣನ ಕೋಣೆಗೆ ಪೂರ್ವದ ಕಿಟಕಿ. ಬೆಳಿಗ್ಗೆ ನೀವು ಪ್ರಾರ್ಥನೆಗೆ ಕೂರ್ತೀರಲ್ಲ, ಬೆಳಕು ಬರ್ಲಿ ಅಂತ."

ಅವಳು ನಗುತ್ತಿದ್ದಳು. ಇಪ್ಪತ್ತನಾಲ್ಕು ದಿನದ ಮೇಲೆ ಆ ಮನೆಯ ಗೋಡೆಗಳು ಕೇಳಿದ ಮೊದಲ ನಗು. ಹಾಳೆ ತಿರುಗಿಸಿದಳು.

"ಇಲ್ನೋಡಿ. 'ಮನೆ ೨. ಅಣ್ಣನ ಕೊನೆ ಚಿಕ್ಕದು. ಮಂಚ ಹಾಕಿದರೆ ಬಾಗಿಲು ತೆಗೆಯಲ್ಲ.' ಇಲ್ಲಿ, ಮೂರನೇದು. 'ಅಣ್ಣನ ಕೊನೆ ಮಹಡಿಯಲ್ಲಿ. ಹದಿನೆಂಟು ಮೆಟ್ಟಿಲು. ಮಂಡಿ ನೋವು. ಬೇಡ.'"

ಅಲ್ಲಿಗೆ ಬಂದು ಅವಳ ನಗು ಅಳುವಿಗೆ ತಿರುಗಿತು. ಎಲ್ಲಿ ತಿರುಗಿತು ಎಂದು ನನಗೆ ಗೆರೆ ಎಳೆದು ತೋರಿಸಲಾಗದು.

ದೀರ್ಘ ಬಿಟ್ಟಿದ್ದ, ಣ ಬದಲು ನ ಹಾಕಿದ್ದ. ಅಷ್ಟೇ. ಅವನು ಹುಟ್ಟಿನಿಂದಲೇ ಹಾಗೆ. ಚಿಕ್ಕವನಿದ್ದಾಗ, ಕರಡಪ್ಪ ಮೊದಲ ಸಲ ಕೆಲಸಕ್ಕೆಂದು ಬೇರೆ ಊರಿಗೆ ಹೋದಾಗ, ತಮ್ಮ ಬರೆದ ಮೊದಲ ಪತ್ರ 'ಪ್ರೀತಿಯ ಅನ್ನನಿಗೆ' ಎಂದು ಶುರುವಾಗಿತ್ತು. ಕರಡಪ್ಪ ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಉತ್ತರ ಬರೆಯದೆ, ಅದೇ ಕಾಗದವನ್ನು ವಾಪಸ್ಸು ಕಳಿಸಿದ್ದ. ಎಂಟು ವರ್ಷದ ಹುಡುಗನಿಗೆ. ಅಂದಿನಿಂದ ತಮ್ಮ ಏನು ತಪ್ಪಿದರೂ ಆ ಒಂದು ಮಾತನ್ನು ತಪ್ಪಲಿಲ್ಲ. ಈ ಪುಸ್ತಕದಲ್ಲೂ ಅಲ್ಲಲ್ಲಿ ತಪ್ಪು. 'ಅಣ್ಣ' ಮಾತ್ರ ಎಲ್ಲ ಕಡೆ ನೆಟ್ಟಗೆ, ಣಕ್ಕೆ ಣ ಒತ್ತು, ಕಲ್ಲಿನಲ್ಲಿ ಕೆತ್ತಿದ ಹಾಗೆ.

"ಇದನ್ನ ಅವನು ಯಾವಾಗ ಬರೆದ?" ಕರಡಪ್ಪ ಕೇಳಿದ. "ನಾನು ಬರಲ್ಲ ಅನ್ನೋ ಮೊದಲೋ?"

"ಬರಲ್ಲ ಅಂದ ದಿನಾನೇ. ಕೈಯಲ್ಲಿ ಇನ್ನೂ ಪಾಲಿಶ್ ಕಪ್ಪು ಇತ್ತು. ನೋಡಿ, ಹಾಳೆ ಅಂಚಿಗೆ ಮೆತ್ತಿದೆ. ನಾನೂ ಕೇಳಿದೆ, ಭಾವ ಬರಲ್ಲ ಅಂದ್ರಲ್ಲ, ಮತ್ಯಾಕೆ ಬರೀತಿದೀರಿ ಅಂತ."

"ಏನಂದ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"'ಅಣ್ಣ ಮೊದಲನೇ ಕರಡಿಗೆ ಬೇಡ ಅಂತಾನೆ. ಮೂರನೇ ಕರಡಿಗೆ ಸರಿಹೋಗ್ತಾನೆ. ನೀನು ಕಿಟಕಿ ನೋಡು' ಅಂದ್ರು."

ಕರಡಪ್ಪ ಕೆಂಪು ಪೆನ್ನಿನ ಮುಚ್ಚಳ ಹಾಕಿದ. ನಾನು ಕಂಡಂತೆ, ತಪ್ಪು ಕಣ್ಣೆದುರಿಗಿದ್ದು ಅವನು ಮುಚ್ಚಳ ಹಾಕಿದ್ದು ಅದೇ ಮೊದಲು.

"ಅಡುಗೆ ಮಾಡಿಡಬೇಡ," ಎಂದ. "ನಾನೂ ಬರ್ತೀನಿ."

"ಅದನ್ನ ಇಷ್ಟು ದಿನ ಹೇಳೋಕೆ ಏನು ಕೇಡು ಬಂದಿತ್ತು ನಿಮಗೆ?" ಎಂದಳು ತಮ್ಮನ ಹೆಂಡತಿ. ಚೀಲ ಎತ್ತಿಕೊಂಡು, ಬಾಗಿಲು ದಾಟಿ, ತಿರುಗಿ ಬಂದು, "ನೀವಿಲ್ಲದ ಮನೆಯಲ್ಲಿ ನಾನು ಯಾರಿಗೆ ಬೈಕೊಂಡು ಇರ್ಲಿ?" ಎಂದು ಮತ್ತೆ ಹೋದಳು.

೮

ಶನಿವಾರ ಅಭ್ಯಾಸ. ಬ್ರೇಕಿನ ಸೀಟಿನಲ್ಲಿ ಕರಡಪ್ಪ, ಎರಡೂ ಕೈಯಲ್ಲಿ ಬಾಗಿಲ ಹಿಡಿ. ಮೊದಲ ಬೀದಿ ಮುಗಿಯುವಷ್ಟರಲ್ಲಿ ಏಳು ಸಲ ಒತ್ತಿದ. ಒಂದು ಸಲ ಬೆಕ್ಕಿಗೆ. ಉಳಿದ ಆರಕ್ಕೆ ಕಾರಣವಿಲ್ಲ.

"ದೊಡ್ಡಪ್ಪ! ನೀವು ಒತ್ತೋಕೆ ಕಲೀಬೇಕಾಗಿಲ್ಲ. ಒತ್ತದೇ ಇರೋಕೆ ಕಲೀಬೇಕು."

"ಮತ್ತೆ ಇದು ಇಲ್ಲಿ ಯಾಕಿದೆ?"

"ಅಪ್ಪ ಹೇಗೆ ಇಡ್ತಿದ್ರು ಗೊತ್ತಾ? ಕಾಲು ಮೇಲೆ, ಪೆಡಲ್ ಕೆಳಗೆ. ನಡುವೆ ಒಂದು ಕಾಗದ ತೂರುವಷ್ಟು ಜಾಗ. ಮುಟ್ಟಬಾರದು, ದೂರಾನೂ ಹೋಗಬಾರದು. ದಿನಕ್ಕೆ ಹತ್ತು ಪಾಠ, ಹತ್ತು ತಾಸು ಹಾಗೇ ಕೂರೋರು. ಸಂಜೆ ಕಾಲು ನೋವು ಅಂತಿದ್ರಲ್ಲ, ಒತ್ತಿ ಬಂದದ್ದಲ್ಲ ಅದು, ಒತ್ತದೆ ಬಂದದ್ದು."

ಓದುಗರೇ, ಈ ಕಥೆ ಬರೆಯುವಾಗ ನಾನು ಅಲ್ಲಲ್ಲಿ ಹಾಕಿದ ಕಂಸಗಳನ್ನು ನೀವು ಗಮನಿಸಿರಬೇಕು. ಅವೆಲ್ಲ ಕರಡಪ್ಪನ ಕಾಲು. ಕಥೆ ಸ್ವಲ್ಪ ಓಡುತ್ತಲೇ ಹೆದರಿ ಒತ್ತಿದ್ದೇನೆ. ಇನ್ನು ಮೇಲೆ ಒತ್ತುವುದಿಲ್ಲ.

ಹೆದ್ದಾರಿಗೆ ಹೋಗಲು ಇರುವುದು ಒಂದೇ ರಸ್ತೆ. ಅದರ ಮೇಲೆ, ಪಾದರಕ್ಷೆ ಅಂಗಡಿಯ ಎದುರು, ಆ ಬೆಳಿಗ್ಗೆ ಕಾರು ನಿಂತಿತ್ತು. ಹಾರನ್ ಇಷ್ಟು ದಿನ ಕೆಲಸಕ್ಕೆ ಸುತ್ತುಬಳಸಿ ನಡೆದು ಹೋಗುತ್ತಿದ್ದಳು, ಆ ಜಾಗ ತಪ್ಪಿಸಲು. ಅದು ಅವಳು ಹೇಳದಿದ್ದರೂ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಹೋಗೋಣವಾ?" ಎಂದಳು. ಆ ಹುಡುಗಿಯ ದನಿ ಅಷ್ಟು ಸಣ್ಣದಾದದ್ದನ್ನು ಅವನು ಕೇಳಿರಲಿಲ್ಲ.

"ಹೋಗೋಣ."

ತಿರುವು ದಾಟಿತು. ಔಷಧಿ ಅಂಗಡಿ, ಹಣ್ಣಿನ ಅಂಗಡಿ. ಪಾದರಕ್ಷೆ ಅಂಗಡಿಯ ಫಲಕ ಕಂಡಿತು. ಅಂಗಡಿಯ ಮುಂದೆ ಒಬ್ಬಾತ ಕುರ್ಚಿ ಹಾಕಿಕೊಂಡು ಹೊಲಿಗೆ ಬಿಚ್ಚಿದ ಚಪ್ಪಲಿಗೆ ದಾರ ಪೋಣಿಸುತ್ತಿದ್ದ. ಏನೂ ಆಗದ ಜಾಗದಂತೆ ಕಾಣುತ್ತಿತ್ತು. ಕರಡಪ್ಪನ ಕಾಲು ಪೆಡಲಿಗೆ ತಾಗಿತ್ತು. ಅವನು ಮಗಳ ಕಡೆ ತಿರುಗಿದ. ಅವಳ ಕೆನ್ನೆ ಒದ್ದೆಯಾಗಿತ್ತು.

"ನನ್ನ ಮುಖ ನೋಡ್ಬೇಡಿ ದೊಡ್ಡಪ್ಪ," ಎಂದಳು ಅವಳು, ಕಣ್ಣು ಮುಂದೆಯೇ ಇಟ್ಟು. "ರಸ್ತೆ ನೋಡಿ."

ಅವನು ರಸ್ತೆ ನೋಡಿದ. ಕಾಲನ್ನು ಒಂದು ಕಾಗದದಷ್ಟು ಎತ್ತಿದ. ಕಾರು ಪಾದರಕ್ಷೆ ಅಂಗಡಿ ದಾಟಿ ಮುಂದೆ ಹೋಯಿತು.

೯

ಇನ್ನು ನಿಮಗೆ ಮುಕ್ತಾಯ ಬೇಕು. ಯಾವುದು ಬೇಕು, ಹೇಳಿ.

ಒಂದು: ಮೊದಲನೆಯ ಮನೆಯಲ್ಲಿ ಕೋಣೆ ಇದೆ, ಕಿಟಕಿ ಪೂರ್ವಕ್ಕೇ ಇದೆ. ಬಾಗಿಲು ತೆರೆಯುತ್ತಲೇ ಬೆಳಕು ಬರುತ್ತದೆ, ಎಲ್ಲರೂ ಅಳುತ್ತಾರೆ. ಇದನ್ನು ಓದಿ ಹಾರನ್, "ನಾವು ತಲುಪೋದು ಮಧ್ಯಾಹ್ನ ಎರಡಕ್ಕೆ ದೊಡ್ಡಪ್ಪ, ಪೂರ್ವದಲ್ಲಿ ಎಲ್ಲಿಂದ ಬಿಸಿಲು?" ಎಂದಳು. ಹೊಡೆದುಹಾಕಿದೆ.

ಎರಡು: ಕಿಟಕಿ ಪಶ್ಚಿಮಕ್ಕಿದೆ. ಕರಡಪ್ಪ ದೊಡ್ಡ ಮನಸ್ಸು ಮಾಡಿ, ದೇವರು ಪಶ್ಚಿಮದಲ್ಲೂ ಇದ್ದಾನೆ ಎನ್ನುತ್ತಾನೆ. ತಮ್ಮನ ಹೆಂಡತಿ, "ನೀವು ಅಷ್ಟು ಸುಲಭಕ್ಕೆ ಒಪ್ಪೋರಾ? ಒಂದು ವಾರ ಮುಖ ಊದಿಸ್ಕೊಂಡಿರ್ತೀರಿ," ಎಂದಳು. ಅದೂ ನಿಜ.

ಮೂರನೆಯದರಲ್ಲಿ ಮೂರು ಮನೆಗಳೂ ಬೇರೆಯವರ ಪಾಲಾಗಿರುತ್ತವೆ. ಅವರು ಬರಿಗೈಯಲ್ಲಿ ಹಿಂದಿರುಗುತ್ತಾರೆ, ಎದುರಿನ ಕಟ್ಟಡ ನೆಲಸಮವಾಗಿರುತ್ತದೆ, ಮತ್ತೆ ನಕ್ಷೆ ಹರಡುತ್ತಾರೆ. ಇದನ್ನು ಯಾರೂ ಬೇಡವೆನ್ನಲಿಲ್ಲ.

ನನಗೆ ಗೊತ್ತಿಲ್ಲ. ಬರೆಯುವವನಿಗೆ ಗೊತ್ತಿರಬೇಕು ಎನ್ನುವಿರಿ. ಇವತ್ತು ಭಾನುವಾರ, ಬೆಳಿಗ್ಗೆ ಆರೂವರೆ. ಆ ಊರಿನಲ್ಲಿ ಆ ಮನೆಯ ಕಿಟಕಿ ಈಗ ಯಾವುದೋ ದಿಕ್ಕಿಗೆ ತೆರೆದಿದೆ. ಅದು ಯಾವ ದಿಕ್ಕೆಂದು ಅಲ್ಲಿ ನಿಂತು ನೋಡುವವರೆಗೆ ನಾನು ಹೇಳಲಾರೆ, ಹೇಳಿದರೆ ಸುಳ್ಳಾಗುತ್ತದೆ. ನಾವು ನಾಲ್ವರಿಗೆಂದು ಹಾಕಿದ ಯೋಜನೆ, ಮೂವರು ಹೊರಡುತ್ತಿದ್ದೇವೆ. ಹೌದು, 'ನಾವು' ಎಂದು ಬರೆದೆ. ಕೈ ನಡುಗುತ್ತಿದೆ. ನಡುಗಲಿ.

ಕೆಳಗೆ ಗಾಡಿ ಶುರುವಾದ ಸದ್ದು. "ಭಾವ, ಬರ್ತೀರೋ, ಕಥೆ ಬರೀತಾ ಕೂರ್ತೀರೋ? ನೀರಿನ ಬಾಟ್ಲಿ ತಗೊಂಡ್ರಾ? ಮಾತ್ರೆ?" ಎರಡನ್ನೂ ತೆಗೆದುಕೊಂಡಿದ್ದೇನೆ. ಒಂದು ನಿಮಿಷ ಇರಿ ಎಂದು ಕಿಟಕಿಯಿಂದ ಕೂಗಿ ಹೇಳಿದ್ದೇನೆ. ಒಂದೇ ನಿಮಿಷ. ಇಷ್ಟು ದಿನ ಇದನ್ನು ಹೇಳದೆ ಉಳಿಸಿಕೊಂಡಿದ್ದೆ.

ದೇವರೇ,

ಅವನು ನನಗಿಂತ ಹನ್ನೊಂದು ವರ್ಷ ಚಿಕ್ಕವನು. ನಡೆಯಲು ಕಲಿಯುವಾಗ ಹಿಡಿದದ್ದು ನನ್ನ ಬೆರಳು. ಈಗ ನಾನು ಕಾಣದ ದಾರಿಯಲ್ಲಿ ಮುಂದೆ ಹೋಗಿದ್ದಾನೆ, ಯಾರಿಗೂ ಹೇಳದೆ, ಯಾರನ್ನೂ ಕರೆಯದೆ. ಅವನಿಗೆ ಒಬ್ಬನೇ ಹೋಗಿ ಅಭ್ಯಾಸವಿಲ್ಲ. ಹೆದರಿದವರ ಪಕ್ಕದಲ್ಲಿ ಕೂತು ಕೂತು ಜೀವ ಸವೆಸಿದವನು. ಒಬ್ಬೊಬ್ಬರ ಕೈ ನಡುಕ ನಿಲ್ಲುವವರೆಗೆ ಕಾದವನು. ನನ್ನ ಬಿರುಸು ಮಾತಿಗೆ 'ಆಯ್ತು ಬಿಡು' ಎಂದವನು. ಅವನ ಮನಸ್ಸಿನಲ್ಲಿ ಆ ಮಾತಿನ ಮುಳ್ಳು ಉಳಿದಿದ್ದರೆ ನೀನೇ ತೆಗೆ. ನನ್ನ ಕೈ ಅಲ್ಲಿಗೆ ಎಟುಕದು. ಅವನಿಗೆ ದಣಿವಾರಲಿ. ಅವನ ಕಾಲಿಗೆ ವಿಶ್ರಾಂತಿ ಸಿಗಲಿ. ಅವನ ಆತ್ಮಕ್ಕೆ ಶಾಂತಿ ಕೊಡು, ತಂದೆ. ಎಲ್ಲರ ಪಕ್ಕದಲ್ಲಿ ಕೂತವನ ಪಕ್ಕದಲ್ಲಿ ಇನ್ನು ನೀನು ಕೂತಿರು.